ಆಗ್ರಾಕ್ಕೆ ಹೋದ ಸಿಂಬೆ

ತಾಜಮಹಲನ್ನು ನಾನು ಮೊದಲ ಸಲ ನೋಡಿದ್ದು ಹೊಳೆಯ ಈಚೆ ದಡದಿಂದ, ಮಂಜಿನೊಳಗೆ, ಒಂದು ಬೀಡಿ ಸೇದುವಷ್ಟು ಹೊತ್ತು. ಅಕ್ಕನಿಗೆ ನಾನು ಹೇಳಿದ್ದು ಬೇರೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಲಾರಿ ಓಡಿಸುವಾಗ ಊರೂರಿನ ಬೋರ್ಡು ಓದಿ ಓದಿ ಅಕ್ಷರ ಉಳಿಸಿಕೊಂಡೆ. ಹೇಳುವುದು ಹಿಂದುಮುಂದಾದೀತು, ಆದರೆ ಈ ಸಲ ಸುಳ್ಳಾಗುವುದಿಲ್ಲ.

ನಮ್ಮ ಊರು ಹೊಸದುರ್ಗದಿಂದ ಹೊಳಲ್ಕೆರೆಗೆ ಹೋಗುವ ರಸ್ತೆಯಲ್ಲಿದೆ. ಊರ ಮುಂದೆ ದಾರಿಯ ಬದಿಗೆ ಒಂದು ಹೊರೆಗಲ್ಲು ಇತ್ತು. ಆಳೆತ್ತರಕ್ಕೆ ಸ್ವಲ್ಪ ಕಡಿಮೆಯ ಎರಡು ಕಲ್ಲುಕಂಬ, ಮೇಲೆ ಅಡ್ಡಲಾಗಿ ಒಂದು ಹಾಸುಗಲ್ಲು. ತಲೆಯ ಮೇಲೆ ಹುಲ್ಲು, ಸೌದೆ ಹೊತ್ತು ಬರುವವರು ಇನ್ನೊಬ್ಬರ ಕೈ ಕಾಯದೆ ಅದರ ಮೇಲೆ ಹೊರೆ ಜಾರಿಸಿ, ಉಸಿರು ಬಿಟ್ಟು, ಮತ್ತೆ ತಲೆ ಕೊಟ್ಟು ಹೊತ್ತುಕೊಂಡು ಹೋಗುತ್ತಿದ್ದರು.

ಅದು ನಮ್ಮ ಅವ್ವನ ಕಲ್ಲು. ನನಗೆ ನಾಲ್ಕು ವರ್ಷ, ಅಕ್ಕನಿಗೆ ಹತ್ತು ಇದ್ದಾಗ ಅವ್ವ ತುಂಬಿದ ಬಸುರಿ, ಹೆರಲಾಗದೆ ಹೋದಳು. ಹಾಗೆ ಹೋದವಳು ಸತ್ತ ಮೇಲೂ ಆ ಹೊರೆಯನ್ನು ಹೊತ್ತುಕೊಂಡೇ ತಿರುಗುತ್ತಾಳೆ ಎಂದು ನಮ್ಮಲ್ಲಿ ನಂಬುತ್ತಾರೆ. ಅವಳ ಹೆಸರಿನಲ್ಲಿ ಹೊರೆಗಲ್ಲು ನಿಲ್ಲಿಸಿದರೆ, ದಾರಿಹೋಕರು ಒಂದೊಂದು ಹೊರೆ ಇಳಿಸಿದಾಗಲೂ ಅವಳದು ಅಷ್ಟಷ್ಟು ಹಗುರಾಗುತ್ತದಂತೆ. ಅಪ್ಪ ಗುಡ್ಡದಿಂದ ಕಲ್ಲು ತರಿಸಿ ನಿಲ್ಲಿಸಿದ. ಹುಡುಗನಾಗಿದ್ದಾಗ ನಾನು ಅದರ ಕೆಳಗೆ ಕೂತು, ಮೇಲೆ ಹೊರೆ ಬಿದ್ದ ಸದ್ದಾದಾಗಲೆಲ್ಲ ಅವ್ವ ಎಲ್ಲೋ ಉಸ್ಸೆಂದಳು ಎಂದುಕೊಳ್ಳುತ್ತಿದ್ದೆ.

ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಅಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ಬಸುರಿಗೆ ಐದು ತಿಂಗಳು ತುಂಬಿದ ದಿನ ಅವಳು ತನ್ನ ಸಿಂಬೆಯನ್ನು ತಂದು ಆ ಕಲ್ಲಿನ ಮೇಲಿಟ್ಟು, ಹಿಂದಕ್ಕೆ ನೋಡದೆ ಮನೆಗೆ ಹೋಗಬೇಕು. ಹೊರೆ ಒತ್ತದಿರಲೆಂದು ತಲೆಯ ಮೇಲೆ ಇಟ್ಟುಕೊಳ್ಳುವ ಹಳೆಬಟ್ಟೆಯ ಸುತ್ತೇ ಸಿಂಬೆ. ಅಲ್ಲಿಂದ ಮುಂದೆ ಹೊಟ್ಟೆಯ ಹೊರೆ ಮಾತ್ರ ಅವಳದು, ತಲೆಯದು ಕಲ್ಲಿನದು.

ಅವ್ವ ಹೋದ ಮೇಲೆ ನನ್ನನ್ನು ಹೊತ್ತವಳು ಅಕ್ಕ. ಅವಳ ಸೊಂಟ ಇವತ್ತಿಗೂ ಎಡಕ್ಕೆ ಕೊಂಚ ವಾಲಿದೆ. "ನಿನ್ನ ಹೊತ್ತೂ ಹೊತ್ತೂ ಹಿಂಗಾಗೈತೆ, ಕತ್ತೆಯಂಗಿದ್ದೆ" ಎಂದು ಬಂದವರ ಮುಂದೆಲ್ಲ ಹೇಳುತ್ತಾಳೆ. ಅವಳನ್ನು ಭರಮಸಾಗರಕ್ಕೆ ಕೊಟ್ಟರು. ಭಾವ ಒಳ್ಳೆಯವನು, ಮಾತು ಕಡಿಮೆ. ಕೆರೆಯ ಹಿಂದಿನ ಒಂದು ತುಂಡು ಹೊಲ, ಹತ್ತಾರು ಕುರಿ. ಅಕ್ಕನಿಗೆ ಎರಡು ಸಲ ಬಸುರು ನಿಂತಿತು. ಎರಡು ಸಲವೂ ತವರಿಗೆ ಬಂದು ಅವ್ವನ ಕಲ್ಲಿನ ಮೇಲೆ ಸಿಂಬೆ ಇಟ್ಟು ಹೋದಳು. ಎರಡು ಸಲವೂ ಆರು ತಿಂಗಳು ದಾಟುವಷ್ಟರಲ್ಲಿ ಹೋಯಿತು.

ಮೂರನೆಯದು ನಿಂತಾಗ ನಾನು ಹೊಸದುರ್ಗದ ಒಂದು ಲಾರಿಯಲ್ಲಿ ಎರಡನೇ ಡ್ರೈವರ್. ಕೊಬ್ಬರಿ ತುಂಬಿಕೊಂಡು ಉತ್ತರದ ಕಡೆ ಹೋಗುತ್ತಿದ್ದೆವು. ತೊಂಬತ್ತರ ದಶಕದ ನಡುವಿನ ಒಂದು ಚಳಿಗಾಲ. ಆಗ್ರಾದ ಲೋಡು ಬಂದಿದೆ ಎಂದು ಹೇಳಿ ಬರಲು ಭರಮಸಾಗರಕ್ಕೆ ಹೋದೆ. ಅಕ್ಕ ನನ್ನನ್ನು ಬೀದಿಯ ಕೊನೆಯಲ್ಲಿದ್ದ ಪಿಂಜಾರ ತಾತನ ಅಂಗಡಿಗೆ ಎಳೆದುಕೊಂಡು ಹೋದಳು. ತಾತ ಬಿಲ್ಲು ಹಿಡಿದು ಹತ್ತಿ ಹಿಂಜುತ್ತಿದ್ದ. ಅಂಗಡಿಯ ತುಂಬ ಹತ್ತಿಯ ನವಿರು ತೇಲುತ್ತಿತ್ತು. ಗೋಡೆಯ ಮೇಲೆ ಯಾವುದೋ ಹಳೆಯ ವರ್ಷದ ಕ್ಯಾಲೆಂಡರು. ಅದರಲ್ಲಿ ತಾಜಮಹಲು. ಹತ್ತಿಯೊಳಗಿಂದ ನೋಡಿದರೆ ಅದೂ ಹಿಂಜಿದ ಹತ್ತಿಯದೇ ಅನ್ನಿಸುತ್ತಿತ್ತು. ತಾತ ಇನ್ನೊಂದು ಸಲ ಬಿಲ್ಲು ಮೀಟಿದರೆ ಹಾರಿಹೋದೀತು ಎನ್ನುವ ಹಾಗೆ.

"ಇನ್ನೊಂದ್ಸಲ ಹೇಳು ತಾತ, ಇವ್ನೂ ಕೇಳ್ಲಿ" ಎಂದಳು ಅಕ್ಕ.

"ಎಷ್ಟು ಸಲ ಹೇಳಾದವ್ವ? ಬಾದಶಹನ ಹೆಂಡ್ತಿ. ಹದ್ನಾಲ್ಕನೇ ಹೆರಿಗೇಲಿ ತೀರ್ಕಂಡ್ಳು. ಅವ್ಳ ಹೆಸರಲ್ಲಿ ಕಟ್ಸಿದ್ದು."

"ನೋಡ್ದಾ? ಹೆರಿಗೇಲಿ ಹೋದಾಕಿ, ಅವ್ಳ ಹೆಸರಲ್ಲಿ ನಿಲ್ಲಿಸಿದ ಕಲ್ಲು. ಹಂಗಾರೆ ಅದೂ ಹೊರೆಗಲ್ಲೇ."

ತಾತ ನಕ್ಕ. "ಬಾದಶಹ ಕೇಳಿದ್ರೆ ನಿನ್ನ ತಲೆ ತಗಸ್ತಿದ್ದ ಕಣವ್ವ."

"ತಗಸ್ಲಿ ಬಿಡು. ತಮ್ಮಾ, ಅವ್ವಂದೇ ಇಳೀಲಿಲ್ಲ, ನಂದೆಂಗೆ ಇಳಿಸ್ಕಂತಾಳೆ? ಈಕಿ ನೋಡು, ಹದ್ನಾಲ್ಕು ಹೆತ್ತಾಕಿ. ಕೆಲಸ ಗೊತ್ತಿರಾಕಿ."

ಮಡಿಲಿನಿಂದ ಸಿಂಬೆ ತೆಗೆದಳು. ಅವ್ವನ ಹಸಿರು ಸೀರೆಯ ಚೂರನ್ನು ಒಳಗಿಟ್ಟು, ಮೇಲೆ ತನ್ನ ಕೆಂಪು ಸೀರೆಯ ಅಂಚು ಸುತ್ತಿ ಹೊಲಿದಿದ್ದಳು. ನಡುವೆ ಎರಡು ಬೆರಳು ತೂರುವಷ್ಟು ತೂತು. "ಆಕಿ ಕಾಲಕಡೆ ಇಡು. ಇಟ್ಟು ಹಿಂದಕ್ಕೆ ನೋಡ್ಬೇಡ. ಇಷ್ಟೇ ನಾನು ಕೇಳಾದು" ಎಂದಳು. ನನ್ನನ್ನು ಸಾಕಿದವಳು ನನ್ನಿಂದ ಅದುವರೆಗೆ ಏನೂ ಕೇಳಿರಲಿಲ್ಲ.

ಎಷ್ಟೋ ಹಗಲು ಓಡಿಸಿ ಆಗ್ರಾ ಮುಟ್ಟಿದೆವು. ಬೆಳಿಗ್ಗೆಯೇ ಮಂಡಿಯಲ್ಲಿ ಕೊಬ್ಬರಿ ಇಳಿಸಿ, ಲಾರಿಯನ್ನು ಹೊಳೆಯ ಈಚೆ ಬದಿಗೆ ತಂದು ನಿಲ್ಲಿಸಿದ್ದೆವು. ದೊಡ್ಡ ಡ್ರೈವರ್ ಸ್ಟೌ ಹಚ್ಚಿ ಚಹಾ ಕಾಯಿಸುತ್ತಿದ್ದ. ನಾನು ಸಿಂಬೆಯನ್ನು ಅಂಗಿಯೊಳಗಿಟ್ಟುಕೊಂಡು ಮರಳಿನ ಮೇಲೆ ನಡೆದು ನೀರಿನ ಅಂಚಿಗೆ ಹೋದೆ.

ಎದುರಿಗೆ ಬರೀ ಮಂಜು. ಹೊಳೆಯೂ ಇಲ್ಲ, ಆಕಾಶವೂ ಇಲ್ಲ. ಬೀಡಿ ಹಚ್ಚಿದೆ. ಆಗ ಮಂಜಿನ ನಡುವೆ ಒಂದು ಕಡೆ ಸ್ವಲ್ಪ ಹೆಚ್ಚು ಬೆಳ್ಳಗಾಯಿತು. ನೋಡುತ್ತ ನಿಂತಂತೆ ಆ ಬಿಳುಪಿಗೆ ಒಂದು ದುಂಡು ಬಂತು, ದುಂಡಿನ ಕೆಳಗೆ ಗೋಡೆ ಬಂತು. ನೆಲ ಮಾತ್ರ ಬರಲಿಲ್ಲ. ಯಾವುದರ ಮೇಲೂ ಕೂರದೆ ಅದು ಹಾಗೇ ಇತ್ತು, ಯಾರೋ ತಲೆಯ ಮೇಲೆ ಹೊತ್ತು ನಿಂತ ಹಾಗೆ, ಹೊತ್ತವರು ಮಾತ್ರ ಕಾಣದ ಹಾಗೆ. ಬೀಡಿ ಮುಗಿಯುವಷ್ಟರಲ್ಲಿ ಮತ್ತೆ ಮಂಜು ಮುಚ್ಚಿತು.

ಸೇತುವೆ ದಾಟಿ ಹೋದರೆ ಒಂದು ಗಂಟೆಯ ದಾರಿ. ವಾಪಸ್ ಲೋಡು ಆಲೂಗಡ್ಡೆ, ಅದು ಮಧ್ಯಾಹ್ನಕ್ಕೆ. ಹೊತ್ತು ಬೇಕಾದಷ್ಟಿತ್ತು. ಆದರೆ ಹೋಗುತ್ತೇನೆಂದು ದೊಡ್ಡ ಡ್ರೈವರಿಗೆ ಹೇಳಿ ಸಿಂಬೆ ತೋರಿಸಿದೆ. ಅವನು ಚಹಾ ಮೂಗಿಗೆ ಹತ್ತುವಷ್ಟು ನಕ್ಕ.

"ಲೇ, ರಾಜನ ಮನೀಗೆ ಸಿಂಬೆ ತಗಂಡು ಹೋಗ್ತೀಯಾ? ಹುಲ್ಲು ಹೊರೇನೂ ತಂದಿದ್ಯೋ ಹೆಂಗೆ? ನಿನ್ನ ಅಂಗಿ ನೋಡ್ಕ ಮೊದ್ಲು. ಗೇಟಲ್ಲೇ ಒದ್ದು ಕಳಿಸ್ತಾರೆ."

ಅಂಗಿ ನೋಡಿಕೊಂಡೆ. ಗ್ರೀಸು, ಕೊಬ್ಬರಿಯ ಜಿಡ್ಡು. ಹೋಗಲಿಲ್ಲ. ನಿಜಕ್ಕೂ ಇಷ್ಟೇ. ಯಾರೂ ನನ್ನನ್ನು ತಡೆದಿರಲಿಲ್ಲ, ಯಾರೂ ಒದ್ದಿರಲಿಲ್ಲ. ಒಬ್ಬ ನಕ್ಕಿದ್ದಕ್ಕೆ ನಾಚಿಕೊಂಡು, ಮುಂದಿನ ಟ್ರಿಪ್ಪಿಗೆ ಒಗೆದ ಅಂಗಿ ಹಾಕಿಕೊಂಡು ಬರೋಣ ಎಂದು, ಸಿಂಬೆಯನ್ನು ಸೀಟಿನ ಮೇಲಿಟ್ಟು ಲಾರಿಯಲ್ಲಿ ಮಲಗಿಬಿಟ್ಟೆ. ಐದು ತಿಂಗಳ ಬಸುರು ಮುಂದಿನ ಟ್ರಿಪ್ಪಿನ ತನಕ ಕಾಯುವುದಿಲ್ಲ ಎಂಬುದು ಆ ತಲೆಗೆ ಹೊಳೆಯಲಿಲ್ಲ.

ಮರುದಿನ ಚಂಬಲ್ಲಿನ ಮಣ್ಣುಗುಡ್ಡಗಳ ಏರಿನಲ್ಲಿ ರೇಡಿಯೇಟರ್ ಕುದಿಯಿತು. ಒಂದು ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿದೆ. "ಬಟ್ಟೆ, ಬಟ್ಟೆ!" ಎಂದು ದೊಡ್ಡ ಡ್ರೈವರ್ ಕೂಗಿದ. ಲಾರಿಯವನ ಕೈಗೆ ಬಟ್ಟೆ ಎಂದರೆ ಬಟ್ಟೆ ಅಷ್ಟೇ, ಯಾವುದೆಂದು ಅದು ಕೇಳುವುದಿಲ್ಲ. ಸೀಟಿನ ಮೇಲಿದ್ದದ್ದನ್ನು ತೆಗೆದು ಮುಚ್ಚಳ ತಿರುಗಿಸಿದೆ. ಬಿಸಿನೀರು ಚಿಮ್ಮಿತು, ಕೈ ಸುಟ್ಟಿತು, ಕೈಯಲ್ಲಿದ್ದದ್ದನ್ನು ಎಸೆದೆ. ಎಸೆದ ಮೇಲೆ ನೋಡಿದೆ. ತುಕ್ಕಿನ ನೀರು ಕುಡಿದು, ಮಸಿ ಹತ್ತಿ, ಕೆಂಪಂಚು ಬಿಚ್ಚಿಕೊಂಡು ಬೇವಿನ ಬುಡದಲ್ಲಿ ಬಿದ್ದಿತ್ತು. ಒಳಗಿನ ಅವ್ವನ ಹಸಿರು ಹೊರಗೆ ಕಾಣುತ್ತಿತ್ತು. ಎತ್ತಿಕೊಳ್ಳಲಿಲ್ಲ. ಎತ್ತಿಕೊಂಡರೆ ಅದನ್ನು ಅಕ್ಕನಿಗೆ ತೋರಿಸಬೇಕಾಗುತ್ತಿತ್ತು.

ಭರಮಸಾಗರಕ್ಕೆ ಹೋದಾಗ ಅಕ್ಕ ಜಗುಲಿಯ ಮೇಲೆ ಕಾಲು ಚಾಚಿ ಕೂತು ಶೇಂಗಾ ಸುಲಿಯುತ್ತಿದ್ದಳು.

"ಇಟ್ಟಾ?"

"ಇಟ್ಟೆ."

"ಹಿಂದಕ್ಕೆ ನೋಡ್ಲಿಲ್ಲ ತಾನೆ?"

"ಇಲ್ಲ."

"ಹೆಂಗೈತೆ ಹೇಳು."

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ನಾನು ಹೇಳತೊಡಗಿದೆ. ಒಳಗೆ ಹೋದರೆ ತಂಪು ಎಂದೆ, ಕೆರೆಯ ತಳದಲ್ಲಿ ನಡೆದ ಹಾಗೆ. ರಾಣಿಯ ಕಾಲ ಹತ್ತಿರ ಎರಡು ಬಿಳಿ ಕಂಬ, ಮೇಲೊಂದು ಬಿಳಿ ಹಾಸುಗಲ್ಲು, ನಮ್ಮ ಅವ್ವನದರ ಹಾಗೇ, ಆದರೆ ಬೆಣ್ಣೆಯಷ್ಟು ನುಣುಪು ಎಂದೆ. ಅದರ ಮೇಲೆ ಸಾಲಾಗಿ ಸಿಂಬೆಗಳು, ದೇಶದ ಎಲ್ಲ ಕಡೆಯವು; ಒಂದಕ್ಕೆ ಕನ್ನಡಿ ಚೂರು ಹೊಲಿದಿದ್ದರು, ಒಂದಕ್ಕೆ ಕವಡೆ, ಒಂದು ಒಣಹುಲ್ಲಿನದು. ನಿನ್ನ ಕೆಂಪಂಚಿನದನ್ನು ಕನ್ನಡಿಯದರ ಪಕ್ಕ ಇಟ್ಟೆ, ಅದರೊಳಗೆ ಇದು ಕಾಣುತ್ತಿತ್ತು ಎಂದೆ. ಅಕ್ಕ ಸುಲಿಯುವುದನ್ನು ನಿಲ್ಲಿಸಿ ಕಣ್ಣು ಮುಚ್ಚಿಕೊಂಡಿದ್ದಳು. ಹೇಳುತ್ತ ಹೇಳುತ್ತ ನನಗೂ ಕಾಣತೊಡಗಿತು. ಎಷ್ಟೋ ವರ್ಷ ನನ್ನ ಕನಸಿನಲ್ಲಿ ಬಂದ ತಾಜಮಹಲು ಅದೇ. ಮಂಜಿನೊಳಗಿನದು ಒಮ್ಮೆಯೂ ಬರಲಿಲ್ಲ.

ಆ ಮಗು ಏಳನೇ ತಿಂಗಳಿಗೆ ಹೋಯಿತು.

ಸಿಂಬೆ ಇಡದಿದ್ದಕ್ಕೇ ಹೋಯಿತೆಂದು ನಾನು ಹೇಳುತ್ತಿಲ್ಲ. ಅದು ಯಾರಿಗೆ ಗೊತ್ತು? ನನ್ನ ತಪ್ಪು ಅದಾದ ಮೇಲಿನದು. ಭಾವ ಅವಳನ್ನು ದಾವಣಗೆರೆಯಲ್ಲಿ ಒಬ್ಬ ಡಾಕ್ಟರಮ್ಮನಿಗೆ ತೋರಿಸಿದ. ಗರ್ಭಚೀಲದ ಬಾಯಿ ಸಡಿಲ, ಮುಂದಿನ ಸಲ ಮೊದಲೇ ಬಂದರೆ ಒಂದು ಹೊಲಿಗೆ ಹಾಕುತ್ತೇನೆ, ನಿಲ್ಲುವ ಸಾಧ್ಯತೆ ಇದೆ ಎಂದು ಆಕೆ ಹೇಳಿದರಂತೆ. ಅಕ್ಕ ಆಗಲೇ ಮನಸ್ಸು ಮುಚ್ಚಿಕೊಂಡಿದ್ದಳು. "ಅಷ್ಟು ದೊಡ್ಡ ಕಲ್ಲಿನ ಮ್ಯಾಲೆ ಇಳಿಸಿದ್ರೂ ಉಳೀಲಿಲ್ಲ. ಇನ್ನೊಂದು ದಾರ ಕಟ್ಟಿದ್ರೆ ಉಳೀತೈತಾ? ನನ್ನ ಹಣೇಲಿ ಇಲ್ಲ, ಬಿಡ್ರಿ" ಎಂದುಬಿಟ್ಟಳು. ಬೇರೆ ಹಾಸಿಗೆ ಹಾಸಿಕೊಂಡಳು.

ಭಾವ ನನ್ನನ್ನು ಹುಡುಕಿಕೊಂಡು ಹೊಸದುರ್ಗದ ಲಾರಿ ಸ್ಟ್ಯಾಂಡಿಗೆ ಬಂದ. ಅಷ್ಟು ದೂರ ಅವನು ಯಾವತ್ತೂ ಬಂದವನಲ್ಲ. "ನಿಮ್ಮಕ್ಕ ನಿನ್ನ ಮಾತು ಕೇಳ್ತಾಳೆ. ನೀನೊಂದು ಮಾತು ಹೇಳಪ್ಪ" ಎಂದ.

ಹೋದೆ. ಅಕ್ಕ ಕೆರೆ ಏರಿಯ ಮೇಲೆ ಕುರಿ ಬಿಟ್ಟುಕೊಂಡು ಕೂತಿದ್ದಳು. ಸಂಜೆಯ ನೀರು ಬೆಳ್ಳಗೆ ಅಲುಗದೆ ನಿಂತಿತ್ತು. ಪಕ್ಕದಲ್ಲಿ ಕೂತೆ. ಅಕ್ಕ, ನಾನು ಇಡಲೇ ಇಲ್ಲ, ಆ ಕಲ್ಲು ನಿನ್ನನ್ನು ಕೈಬಿಡಲಿಲ್ಲ, ಇನ್ನೊಮ್ಮೆ ನೋಡು. ಇಷ್ಟು ಹೇಳಿದ್ದರೆ ಸಾಕಿತ್ತು. ಬಾಯಿಯವರೆಗೆ ಬಂತು.

"ಏನೋ ಹೇಳಾಕೆ ಬಂದಂಗೈತೆ" ಎಂದಳು.

"ಏನಿಲ್ಲ. ನೀರು ಕಮ್ಮಿ ಆಗೈತೆ ಈ ವರ್ಷ" ಎಂದೆ.

ಭಾವನಿಗೆ, "ಆಕೆಗೆ ಇಷ್ಟ ಇಲ್ಲ, ಬಲವಂತ ಮಾಡ್ಬೇಡ" ಎಂದು ಹೇಳಿ ಬಸ್ಸು ಹತ್ತಿದೆ. ಅವನು ಅದಕ್ಕೂ ತಲೆಯಾಡಿಸಿದ.

ಅಲ್ಲಿಂದ ಹನ್ನೆರಡು ವರ್ಷ. ನನಗೆ ಮದುವೆಯಾಯಿತು, ಎರಡು ಮಕ್ಕಳಾದವು. ಅಕ್ಕ ಬಂದು ಬಾಣಂತನ ಮಾಡಿ ಹೋದಳು. ನನ್ನ ಮಗಳನ್ನು ಕಾಲ ಮೇಲೆ ಮಲಗಿಸಿ ನೀರು ಹಾಕುವಾಗ ಅವಳ ಮುಖ ನೋಡಲಾಗದೆ ನಾನು ಹಿತ್ತಲಿಗೆ ಹೋಗುತ್ತಿದ್ದೆ. ದೂರದ ಲಾರಿ ಬಿಟ್ಟು ಸ್ವಂತ ಟೆಂಪೋ ತೆಗೆದುಕೊಂಡು ಹೊಳಲ್ಕೆರೆ, ಹಿರಿಯೂರು ಎಂದು ತೆಂಗಿನಕಾಯಿ ಸಾಗಿಸತೊಡಗಿದೆ. ಅಷ್ಟರಲ್ಲಿ ನಮ್ಮೂರ ರಸ್ತೆ ಅಗಲವಾಯಿತು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಅವ್ವನ ಕಲ್ಲು ಇರಲಿಲ್ಲ. ಹಾಸುಗಲ್ಲು ಮೂರು ತುಂಡಾಗಿ ಮೋರಿಯ ಕೆಳಗೆ ಸೇರಿತ್ತು.

ಸುದ್ದಿ ಕೇಳಿ ಅಕ್ಕ ಅಳಲಿಲ್ಲ. "ಹೊಸದುರ್ಗದಿಂದ ಕಾಶಿಗೆ ಬಸ್ಸು ಬಿಡ್ತಾರಂತಲ್ಲ. ಆಗ್ರಾ ಮ್ಯಾಲೆ ಹೋಗ್ತೈತಾ?" ಎಂದಳು.

"ಹೋಗ್ತೈತೆ."

"ಹೋಗಾಣ. ಅವ್ವನ ಕಲ್ಲಂತೂ ಹೋಯ್ತು. ಆ ಇನ್ನೊಂದನ್ನಾದ್ರೂ ನೋಡ್ತೀನಿ. ಆಕಿ ಹತ್ರ ನಂದೊಂದು ಮಾತೈತೆ."

ಏನು ಮಾತೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಆ ಯಾತ್ರೆಯ ಬಸ್ಸಿನ ಹಿಂದೆ ಅಡಿಗೆಯವರು, ರಾಗಿಹಿಟ್ಟಿನ ಚೀಲ, ದೊಡ್ಡ ಸ್ಟೌ. ಅಕ್ಕ ಕಿಟಕಿಯ ಪಕ್ಕ ಕೂತು ನಮ್ಮ ಜೊತೆಯ ಹೆಂಗಸರಿಗೆಲ್ಲ ನನ್ನ ತಾಜಮಹಲನ್ನು ಹೇಳುತ್ತ ಬಂದಳು. ಕನ್ನಡಿಯ ಸಿಂಬೆ, ಕವಡೆಯ ಸಿಂಬೆ. ಒಂದು ಮಾತನ್ನೂ ಮರೆತಿರಲಿಲ್ಲ. "ನನ್ನ ತಮ್ಮ ಕಣ್ಣಾರೆ ನೋಡ್ಯಾನೆ" ಎನ್ನುತ್ತಿದ್ದಳು. ಆ ದಾರಿಯಲ್ಲಿ ಎಷ್ಟು ಸಲ ನಿದ್ದೆ ಬಂದವನಂತೆ ಕಣ್ಣು ಮುಚ್ಚಿಕೊಂಡೆನೋ.

ಆಗ್ರಾ ಮುಟ್ಟಿದ ಬೆಳಿಗ್ಗೆ ಮಂಜಿರಲಿಲ್ಲ. ಕೆಂಪು ಬಾಗಿಲು ದಾಟಿದ ಕೂಡಲೇ ಅದು ಎದುರಿಗೆ ನಿಂತಿತ್ತು. ಅಷ್ಟು ದೊಡ್ಡದು ಅಷ್ಟು ಸುಮ್ಮನಿರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ದುರ್ಗದ ಕೋಟೆ ನೋಡಿ ಬೆಳೆದವರು ನಾವು; ನಮ್ಮ ಕಲ್ಲುಗಳು ಬಂಡೆಯನ್ನು ಕಚ್ಚಿಕೊಂಡಿರುತ್ತವೆ. ಇದು ನೆಲವನ್ನು ಸುಮ್ಮನೆ ಮುಟ್ಟಿತ್ತು. ಅಕ್ಕ ಸೆರಗು ಬಿಗಿದುಕೊಂಡು, ಎಡಕ್ಕೆ ವಾಲುತ್ತ, ನೀರಿನ ಕಾಲುವೆಯ ಪಕ್ಕ ನನಗಿಂತ ಮುಂದೆ ನಡೆದಳು. ನೀರಿನಲ್ಲಿ ಇನ್ನೊಂದು ತಾಜಮಹಲು ತಲೆಕೆಳಗಾಗಿ ಅವಳ ಜೊತೆ ಬರುತ್ತಿತ್ತು.

ಒಳಗೆ ಮಬ್ಬು, ತಂಪು. ಕೆರೆಯ ತಳದ ಹಾಗೇ ಇತ್ತು. ಅದೊಂದು ಮಾತ್ರ ನನ್ನ ಸುಳ್ಳಿನಲ್ಲಿ ನಿಜವಾಗಿತ್ತು. ಕಲ್ಲಿನ ಜಾಲರಿಯೊಳಗೆ ಎರಡು ಗೋರಿ. ಅಕ್ಕ ಜಾಲರಿಯ ಸುತ್ತ ಒಂದು ಸುತ್ತು ಬಂದಳು, ಎರಡು ಸುತ್ತು ಬಂದಳು.

"ಎಲ್ಲೈತೆ ಸಿಂಬೆ ಕಲ್ಲು?"

ನಾನು ಜಾಲರಿಯ ಹೂಬಳ್ಳಿಗಳನ್ನು ನೋಡತೊಡಗಿದೆ.

"ಅಲ್ಲೊಬ್ಬ ಕಾವಲುಗಾರ ನಿಂತವ್ನಲ್ಲ, ಕೇಳು. ನಿಂಗೆ ಹಿಂದಿ ಬರ್ತೈತಲ್ಲ."

ಕಾವಲುಗಾರನ ಹತ್ತಿರ ಹೋಗಿ, ಹೊರಗೆ ಹೋಗುವ ದಾರಿ ಯಾವ ಕಡೆ ಎಂದು ಕೇಳಿದೆ. ಅವನು ಕೈ ತೋರಿಸಿದ. ವಾಪಸ್ ಬಂದೆ.

"ಏನಂದ?"

"ಅದನ್ನ ತೆಗ್ದುಬಿಟ್ಟವ್ರಂತೆ ಅಕ್ಕ."

ಅಕ್ಕ ಮೇಲೆ ಕೆಳಗೆ, ಆ ಬಿಳಿ ಗೋಡೆಗಳನ್ನೆಲ್ಲ ನೋಡಿದಳು. ಆಮೇಲೆ ಬಹಳ ಮೆಲ್ಲಗೆ ಕೇಳಿದಳು: "ಇಲ್ಲೂ ರೋಡ್ ಅಗಲ ಮಾಡಿದ್ರಾ?"

ಅವಳ ಕೈ ಹಿಡಿದು ಹೊರಗೆ, ಕಟ್ಟಡದ ಹಿಂದಿನ ಕಟ್ಟೆಗೆ ಕರೆದುಕೊಂಡು ಬಂದು ಕೂರಿಸಿದೆ. ಕೆಳಗೆ ಹೊಳೆ. ಆಚೆ ದಡದಲ್ಲಿ ಮರಳು, ಎರಡು ಎಮ್ಮೆ.

"ಅಲ್ಲಿ ನಿಂತಿದ್ದೆ ಅಕ್ಕ. ಆ ಮರಳಿನ ಮ್ಯಾಲೆ. ಈ ಕಡೆ ಬರ್ಲೇ ಇಲ್ಲ."

ಎಲ್ಲ ಹೇಳಿದೆ. ದೊಡ್ಡ ಡ್ರೈವರ್ ನಕ್ಕಿದ್ದು, ಅಂಗಿ, ರೇಡಿಯೇಟರ್, ಬೇವಿನ ಬುಡ. ಅಕ್ಕ ಎಮ್ಮೆಗಳನ್ನೇ ನೋಡುತ್ತಿದ್ದಳು. ನಾನು ಹೇಳಿ ಮುಗಿಸಿದ ಮೇಲೂ ನೋಡುತ್ತಿದ್ದಳು.

"ಹಂಗಾರೆ ಈಕಿಗೆ ಮುಟ್ಟೇ ಇಲ್ಲ."

"ಇಲ್ಲ."

"ಹನ್ನೆರಡು ವರ್ಷ ಈ ಹೆಣ್ಮಗಳನ್ನ ಬೈದೀನಿ ಕಣಲೇ. ಹದ್ನಾಲ್ಕು ಹೆತ್ತು ನನ್ನದೊಂದು ಇಳಿಸ್ಕಳಾಕೆ ಆಗ್ಲಿಲ್ವೇನೇ ನಿಂಗೆ ಅಂತ. ಇವತ್ತು ಎದುರಿಗೇ ಕೇಳಾಣ ಅಂತ ಬಂದಿದ್ದೆ."

ನನ್ನ ಕಡೆ ತಿರುಗಿ, "ಆವತ್ತು ಕೆರೆ ಏರಿಗೆ ಬಂದಿದ್ಯಲ್ಲ, ಇದನ್ನ ಹೇಳಾಕೇ ಬಂದಿದ್ಯಾ?" ಎಂದಳು.

"ಹೂಂ."

"ಹೇಳ್ಬೇಕಿತ್ತು."

ಅಷ್ಟೇ. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ.

ಅಕ್ಕ ಎದ್ದಳು. "ನೀನಿಲ್ಲೇ ಕುಂತಿರು. ಸುಮ್‌ಸುಮ್ನೆ ಬೈದಿದ್ದಕ್ಕೆ ತಪ್ಪಾಯ್ತು ಅಂತ ಹೇಳಿ ಬರ್ತೀನಿ."

ಒಬ್ಬಳೇ ಒಳಗೆ ಹೋದಳು. ಅವಳ ಚಪ್ಪಲಿ ನನ್ನ ಚೀಲದಲ್ಲಿತ್ತು. ಬಿಸಿಲು ಏರುತ್ತ ಬಿಳಿಕಲ್ಲು ಕಣ್ಣು ಕುಕ್ಕತೊಡಗಿತು. ಆ ಹೊತ್ತಿನಲ್ಲಿ, ಕಣ್ಣು ಅರ್ಧ ಮುಚ್ಚಿದವನಿಗೆ, ಹನ್ನೆರಡು ವರ್ಷದ ಹಿಂದಿನ ನಾನು ಆಚೆ ದಡದ ಮರಳಿನ ಮೇಲೆ ಬೀಡಿ ಸೇದುತ್ತ ನಿಂತಿದ್ದೇನೆ ಅನ್ನಿಸಿತು. ಕೂಗಿದರೆ ಕೇಳಿಸುವಷ್ಟು ದೂರ. ಸೇತುವೆ ದಾಟಿ ಬಾರಲೇ ಎಂದು ಕೂಗಬೇಕೆನ್ನಿಸಿತು.

ಅಕ್ಕ ಬಂದಳು. ಮುಖ ತೊಳೆದುಕೊಂಡ ಹಾಗಿತ್ತು. "ಒಳಗೆ ಅವ್ವಾ ಅಂದೆ. ಎಷ್ಟೊತ್ತು ಕೇಳಿಸ್ತು ಗೊತ್ತಾ, ಮ್ಯಾಲೆ ಮ್ಯಾಲೆ ಹೋಗ್ತಾನೇ ಇತ್ತು" ಎಂದಳು. ಯಾವ ಅವ್ವನನ್ನು ಕೂಗಿದಳೆಂದು ನಾನು ಕೇಳಲಿಲ್ಲ. ಚಪ್ಪಲಿ ತೆಗೆದು ಅವಳ ಕಾಲ ಮುಂದಿಟ್ಟೆ. ಬಸ್ಸಿನ ಹತ್ತಿರ ಮುದ್ದೆ ಆಗಿತ್ತು. ಹೆಂಗಸರು ಸಿಂಬೆಯ ಕಲ್ಲು ಎಲ್ಲೆಂದು ಕೇಳಿದಾಗ, "ನಾವು ತಪ್ಪು ತಿಳ್ಕಂಡಿದ್ವಿ, ಅಲ್ಲಿಲ್ಲ" ಎಂದಳು. ತಮ್ಮ ಸುಳ್ಳು ಹೇಳಿದ ಎನ್ನಲಿಲ್ಲ. ಆಮೇಲೆ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಮೂರನೇ ದಿನ, ಊರ ಕಡೆ ಬಸ್ಸು ತಿರುಗಿದ ಮೇಲೆ, ಕಿಟಕಿಯ ಹೊರಗೆ ಒಂದು ಬೇವಿನ ಮರ ಬಂತು. ಅಕ್ಕ ನನ್ನ ತೋಳು ತಿವಿದಳು.

"ಇದಾ?"

"ಯಾವುದು?"

"ನೀನು ಬಿಸಾಕಿದ ಬೇವು. ಇದಾ?"

"ಅಲ್ಲಕ್ಕ."

ಸ್ವಲ್ಪ ದೂರಕ್ಕೆ ಇನ್ನೊಂದು. "ಇದಾ?" "ಅಲ್ಲಕ್ಕ." ಹೂಂ ಎಂದುಬಿಟ್ಟರೆ ಬಸ್ಸು ನಿಲ್ಲಿಸಿ ಇಳಿದು ನೋಡುತ್ತಾಳೇನೋ, ಅಲ್ಲಿಗೆ ಮುಗಿಯುತ್ತದೇನೋ ಅನ್ನಿಸುತ್ತಿತ್ತು. ಆದರೆ ಇನ್ನೊಂದು ಸುಳ್ಳು ಹೇಳುವ ಬಾಯಿ ನನಗೆ ಉಳಿದಿರಲಿಲ್ಲ. ನಮ್ಮ ದೇಶದಲ್ಲಿ ಎಷ್ಟು ಬೇವಿನ ಮರಗಳಿವೆ ಎಂದು ನನಗೆ ಆ ದಾರಿಯಲ್ಲಿ ಗೊತ್ತಾಯಿತು.

ಈಗಲೂ ಒಮ್ಮೊಮ್ಮೆ ಅಕ್ಕ ನನ್ನ ಟೆಂಪೋದಲ್ಲಿ ಹಿರಿಯೂರಿಗೋ ಧರ್ಮಪುರದ ಕಡೆಗೋ ಬರುತ್ತಾಳೆ. ಅವಳ ತಲೆ ನರೆತಿದೆ, ಸೊಂಟ ಇನ್ನಷ್ಟು ವಾಲಿದೆ. ಮಾತಿಲ್ಲದೆ ಹೋಗುತ್ತಿರುವಾಗ, ಬಯಲಿನ ನಡುವೆ ಒಂಟಿ ಬೇವು ಕಂಡರೆ, ಗದ್ದ ಅದರ ಕಡೆ ತಿರುಗಿಸಿ ಕೇಳುತ್ತಾಳೆ: "ಇದಾ ಏನಲೇ?" ಕೇಳುವಾಗ ಕೆಲವು ಸಲ ತುಟಿಯಲ್ಲಿ ನಗು ಇರುತ್ತದೆ, ಕೆಲವು ಸಲ ಇರುವುದಿಲ್ಲ. ನಾನು ಗಾಡಿಯ ವೇಗ ತಗ್ಗಿಸಿ, ಅವಳು ಮರವನ್ನು ಪೂರ್ತಿ ನೋಡುವಷ್ಟು ಹೊತ್ತು ಕೊಟ್ಟು, "ಅಲ್ಲಕ್ಕ" ಎನ್ನುತ್ತೇನೆ.